ಮುದ್ರಿ

ಮಹಾಲಿಂಗಪುರದ ಬೆಲ್ಲದ ಪ್ಯಾಟ್ಯಾಗ
ಇಪ್ಪತ್ತಾರು ವರ್ಷ ತಕ್ಕಡಿ ನೋಡೇನಿ.
ಕಲ್ಲು ಸವದಿದ್ರ ಬರಕೊಂತೇನಿ,
ಸರಿ ಇದ್ರ ಸುತ್ತಿಗಿ ಎತ್ತಿ ಟಕ್ ಅಂತ
ಒಂದು ಮುದ್ರಿ.
ಗುಂಜಿಯಷ್ಟು ಸುಳ್ಳೂ ನನ್ನ ಕೈ ದಾಟಿಲ್ಲ.

ಮೊನ್ನಿ ಮಗಳು ಸುಗಲಾ ಮನಿಗೆ ಬಂದಳು
ಓಢಣಿಯಾಗ ಗಲ್ಲ ಮುಚ್ಚಿಕೊಂಡು.
ಬಸ್‌ಸ್ಟ್ಯಾಂಡ್ ಎದುರು, ಮೆಡಿಕಲ್ ಅಂಗಡಿ ಮ್ಯಾಲ, ಹೊಸಾ ಪಾರ್ಲರು.
ಗದ್ದದ ಕೂದಲಕ್ಕ ಲೇಸರು, ಆರು ಸಲಕ್ಕ ನಾಕ ಸಾವಿರ.
ಕನ್ನಡಕ ಒಂದ ಇತ್ತಂತ, ಹಾಕ್ಕೊಂಡಾಕಿ
ಮಷೀನ್ ಹಿಡದಾಕಿ.
ಇಕಿ ಕಣ್ಣಿಗೆ ಒದ್ದಿ ಅರಿವಿ.

ಬೆಳಕು ಕರಿದನ್ನ ಹುಡುಕತೈತಿ, ಅಂದ್ರು ಡಾಕ್ಟರು.
ನಮ್ಮ ಮೈಬಣ್ಣ ಅದಕ್ಕ ಯಾರೂ ಹೇಳಿರಲಿಲ್ಲ.
ಕೂದಲು ಯಾವುದು, ಹುಡುಗಿ ಯಾವುದು
ತಿಳೀಲಿಲ್ಲ ಅದಕ್ಕ.

ಕೇಳಾಕ ಹೋದೆ.
ಗ್ವಾಡಿ ಮ್ಯಾಲ ಅಂಗಡಿ ಲೈಸೆನ್ಸ್, ಅದಕ್ಕೊಂದು ಕುಂಕುಮದ ಬೊಟ್ಟು.
"ಮಷೀನಿಗೆ?"
"ಗ್ಯಾರಂಟಿ ಐತ್ರಿ ಕಾಕಾ, ಒಂದ ವರ್ಷ."
ಮುಂಗೈ ಮ್ಯಾಲ ಅಕಿಗೂ ಎರಡು ಸುಟ್ಟ ಕಲಿ;
ತನ್ನ ಮ್ಯಾಲ ಕಲ್ತಿದ್ದಳಂತ.
ಬೈಯಾಕ ಬಾಯಿ ಬರಲಿಲ್ಲ.

ರಾತ್ರಿ ಮುಲಾಮು ಹಚ್ಚುವಾಗ ಎಣಿಸಿದೆ.
ಗದ್ದದ ಗುಂಟ ಏಳು ಚೌಕ,
ಒಂದರ ಬಾಜೂಕ ಒಂದು,
ನಾನ ಬಡದಂಗ
ನೆಟ್ಟಗ.