ಮೂರೆಣಿಸುವಷ್ಟು ಹೊತ್ತು

ದಾವಣಗೆರೆಯಿಂದ ಐದೂಕಾಲರ ಬಸ್ಸು.
ಕಿಟಕಿ ಸೀಟು ನನಗೆ ಬಿಟ್ಟು ಹಾಲಸ್ವಾಮಿ
ತೊಡೆಯ ಮೇಲೆ ಬೈನಾಕ್ಯುಲರ್ ಇಟ್ಟುಕೊಂಡು ಕೂತರು,
ಯಾರದೋ ಹಸುಗೂಸು ಹಿಡಿದವರ ಹಾಗೆ.
ಮಂಡಿಪೇಟೆಯಲ್ಲಿ ವಾಚು ರಿಪೇರಿ ಅವರದು;
ವಾರವೆಲ್ಲ ಒಂದೇ ಕಣ್ಣಿಗೆ ಮಸೂರ ಸಿಕ್ಕಿಸಿ
ಎಳ್ಳಿನಷ್ಟು ಚಕ್ರದ ಹಲ್ಲು ಎಣಿಸುವವರು.
"ಭಾನುವಾರ ಮಾತ್ರ ಎರಡೂ ಕಣ್ಣು ಬೇಕು ನೋಡ್ರಿ ಮೇಡಂ."

ಐದು ವರ್ಷದಿಂದ ಒಂದೇ ಹಕ್ಕಿಯ ಬೆನ್ನು ಬಿದ್ದಿದ್ದಾರೆ.
ಹಳದಿ ಕೊರಳಿನ ಪಿಕಳಾರ.
ಅದಕ್ಕೆ ಇಂಥ ಬಂಡೆಯೇ ಬೇಕಂತೆ, ಇಂಥ ಕುರುಚಲೇ ಬೇಕಂತೆ,
ಹೆಣ್ಣು ಕೊಡುವವರು ಮನೆತನ ನೋಡಿದಂತೆ ನೋಡುತ್ತದಂತೆ.
ನೋಟುಬುಕ್ಕಿನಲ್ಲಿ ಇಪ್ಪತ್ತಮೂರು ಸಲ
ತಾರೀಕು, ಗಾಳಿ, ಮೋಡ, ಕೊನೆಗೆ: ಇಲ್ಲ.

ನಾನು ಹೊಸಬಳು. ಕೊಂಡಜ್ಜಿ ಕೆರೆಯಲ್ಲಿ
ನಾಮದ ಕೋಳಿಯನ್ನು ಬಾತು ಅಂದು ನಗೆಪಾಟಲಾದವಳು.

ಜೋಗಿಮಟ್ಟಿ ಏರುವಾಗ ಬಿಸಿಲಿನ್ನೂ ಎಳೆಯದು.
ಆಚೆ ಗುಡ್ಡದ ಮೇಲೆ ಗಾಳಿಯಂತ್ರಗಳು,
ಒಂದು ತಿರುಗುತ್ತ, ಒಂದು ಮುನಿಸಿಕೊಂಡು.
ಬಂಡೆಯ ಸೀಳಿನ ಕಲ್ಲತ್ತಿಯ ಮುಂದೆ ಕೂತೆವು.
ಬಂದವು: ಊರ ಪಿಕಳಾರ ನಾಲ್ಕು, ಹರಟೆಮಲ್ಲರ ಒಂದು ದಂಡು,
ಯಾರೋ ಎಸೆದ ಚಿಪ್ಸ್ ಪಾಕೀಟು ಗಾಳಿಗೆ.
ಹತ್ತು ಗಂಟೆ. ಸಕ್ಕರೆ ಕಾಯಿಲೆಯ ಮನುಷ್ಯ,
ಕಿರುಬೆರಳು ತೋರಿಸಿ ಬಂಡೆಯ ಹಿಂದೆ ಹೋದರು.

ಆಗ ಬಂತು.

ಅರಿಶಿನದ ನೀರಲ್ಲಿ ತಲೆ ಅದ್ದಿ ತೆಗೆದ ಹಾಗೆ.
ಬೂದು ಎದೆ. ಬಾಲದ ಬುಡದಲ್ಲಿ ಮತ್ತೆ ಅದೇ ಹಳದಿ.
ಒಂದು ಹಣ್ಣು ಕುಕ್ಕಿತು. ನನ್ನನ್ನು ನೋಡಿತು, ಅಥವಾ ನನ್ನಾಚೆ.
ಒಂದು. ಎರಡು. ಮೂರು.
ಕೊಂಬೆ ಮಾತ್ರ ಅಲ್ಲಾಡುತ್ತಿತ್ತು.

ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತ ಬಂದು,
"ಏನಾದ್ರೂ ಬಂತೇನ್ರಿ?"
"ಪಿಕಳಾರ," ಅಂದೆ. ಸುಳ್ಳಲ್ಲ.
"ಅದು ಬಿಡ್ರಿ, ಊರ ತುಂಬ ಐತಿ."
ಇಪ್ಪತ್ತನಾಲ್ಕನೆಯ ಇಲ್ಲ ಬರೆದರು, ಗುಂಡಗೆ.
ಮಂಡಕ್ಕಿ ಪೊಟ್ಟಣ ಬಿಚ್ಚಿ ಮೆಣಸಿನಕಾಯಿ ನನ್ನ ಕಡೆ ಸರಿಸಿದರು.
ನನ್ನ ಕಣ್ಣಲ್ಲಿ ನೀರು ಕಂಡು
"ಖಾರ ಜಾಸ್ತಿ ಆತೇನು?" ಅಂದರು.

ಲ್ಯಾಬಿನಲ್ಲಿ ದಿನಕ್ಕೆ ನೂರು ರಿಪೋರ್ಟಿಗೆ ಸಹಿ ಹಾಕುವವಳು ನಾನು,
ಕಂಡದ್ದು ಕಂಡ ಹಾಗೆ ಬರೆಯುವವಳು.
ಇದೊಂದನ್ನು ಎಲ್ಲೂ ಬರೆಯಲಿಲ್ಲ.

ಮಾಗಿಯಲ್ಲಿ ಅದೇ ಬಂಡೆ, ಅದೇ ಕಲ್ಲತ್ತಿ.
ಮೊಣಕೈ ಹಿಂಡಿದ ಹಾಗಾಗಿ ತಿರುಗಿದರೆ
ಹಾಲಸ್ವಾಮಿ ಉಸಿರೇ ಬಿಡುತ್ತಿಲ್ಲ.
ಕೊರಳ ಪಟ್ಟಿ ತೆಗೆದು, ತಾವು ಗಾಜಿಗೆ ಕಣ್ಣಿಡದೆ,
ಬೈನಾಕ್ಯುಲರ್ ನನ್ನ ಕೈಗೆ ತುರುಕಿದರು.
"ಬೇಗ, ಬೇಗ. ನೀವು ನೋಡೇ ಇಲ್ಲ ಇದನ್ನ."

ಗಾಜು ಅವರ ಕಣ್ಣಿನ ಅಳತೆಗೆ ಕೂತಿತ್ತು; ನನಗೆ ಎಲ್ಲ ಮಂಜು.
ತಿರುಪು ಮುಟ್ಟಲಿಲ್ಲ.
ಮಂಜಿನೊಳಗೆ ಹಳದಿಯದೊಂದು ತೊಟ್ಟು.
"ಕಂಡಿತಾ?"
"ಕಂಡಿತು."
ಪಕ್ಕದಲ್ಲಿ ಬರಿಗಣ್ಣಿನವರು ತುಟಿಯೊಳಗೇ ಎಣಿಸುತ್ತಿದ್ದರು,
ಹನ್ನೊಂದು, ಹನ್ನೆರಡು, ಹದಿಮೂರು.