ಮೂವತ್ತೆಂಟು ಜನ, ಇಪ್ಪತ್ತೆರಡು ಕುರ್ಚಿ

ಸವಳಂಗ ರಸ್ತೆ, ಟೈಲ್ಸ್ ಅಂಗಡಿಯ ಮೇಲಿನ ಮಹಡಿ.
ಗ್ರಾಫ್ ಹಾಳೆಯಲ್ಲಿ ಆಫೀಸು ಬರೆಯುತ್ತಿದ್ದೇನೆ:
ಒಂದು ಚೌಕವೆಂದರೆ ಒಂದು ಮೇಜು,
ಒಂದು ಮೇಜೆಂದರೆ ಒಂದೂಮುಕ್ಕಾಲು ಮನುಷ್ಯ.

ಸೋಮವಾರ ಆರು ಜನ; ಫ್ಯಾನುಗಳಿಗೇ ಬೇಸರ.
ಬುಧವಾರ ಅಷ್ಟೂ ಮಂದಿ,
ಕಿಟಕಿಕಟ್ಟೆಯ ಮೇಲೂ ಲ್ಯಾಪ್‌ಟಾಪು.
ಎದುರಿನ ಮೆಸ್ಸಿನಲ್ಲಿ ಅಂದು ಮೀನೂಟ.
ಇದಕ್ಕೆ ನನ್ನ ಎಕ್ಸೆಲ್ಲಿನಲ್ಲಿ ಕಾಲಂ ಇಲ್ಲ.

ಹಾಲಮ್ಮನಿಗೆ ಎಕ್ಸೆಲ್ ಬೇಡ, ಒರೆಸುವ ಬಟ್ಟೆ ಸಾಕು.
"ಹದಿನೇಳನೇದ್ರಲ್ಲಿ ಹದಿನೈದು ದಿನದಿಂದ ಯಾರೂ ಕೂತಿಲ್ಲ ಸಾರ್,
ಧೂಳು ನೋಡಿ, ಹೆಸ್ರು ಬರೀಬೋದು."
ಬೆರಳಲ್ಲಿ ಬರೆದೆ: ಖಾಲಿ.
ಒರೆಸಿಬಿಟ್ಟಳು.

ಯಾರ ಕುರ್ಚಿಯೂ ಯಾರದ್ದೂ ಅಲ್ಲ,
ಸುತ್ತೋಲೆ ನನ್ನದೇ.
ಹಿಂದಿನ ಸಂಜೆ ಐದರೊಳಗೆ ಮೊಬೈಲಿನಲ್ಲಿ ಕಾದಿರಿಸಬೇಕು,
ಏಳುವಾಗ ಮೇಜು ಬೋಳಾಗಿರಬೇಕು,
ದೇವರ ಪಟ, ನೀರಿನ ಬಾಟಲಿ, ಮಗುವಿನ ಫೋಟೊ
ಏನೂ ಉಳಿಯಕೂಡದು.

ಫ್ಲೇವಿಯಾ ಮಾತ್ರ ಐದೂ ದಿನ ಬರುತ್ತಾಳೆ.
ಯಾಕೆಂದು ಕೇಳಿದೆ.
ಗಾಡಿಕೊಪ್ಪದಲ್ಲಿ ಒಂದೇ ಕೋಣೆ.
ಗಂಡನಿಗೆ ಮಾಚೇನಹಳ್ಳಿ ಫೌಂಡ್ರಿಯಲ್ಲಿ ರಾತ್ರಿ ಪಾಳಿ,
ಹಗಲು ನಿದ್ದೆ.
ಮೀಟಿಂಗಿನಲ್ಲಿ ಪಿಸುಗುಟ್ಟಿ ಪಿಸುಗುಟ್ಟಿ
ಮೇಲಿನವರು ಬರೆದರಂತೆ: ಆತ್ಮವಿಶ್ವಾಸ ಸಾಲದು.
"ಇಲ್ಲಾದ್ರೆ ಜೋರಾಗಿ ಕೆಮ್ಮಬಹುದು ಸರ್."

ನಾಳೆ ನಕ್ಷೆ ಕಳಿಸಬೇಕು.
ಹದಿನೇಳನ್ನು ಅಳಿಸಿದೆ. ಜಾಗ ಉಳಿಯಿತು.
ಕಿಟಕಿ ಪಕ್ಕದ ಚೌಕಕ್ಕೆ ಬಂದಾಗ
ರಬ್ಬರು ಹಿಡಿದು ಎಷ್ಟು ಹೊತ್ತು ಕೂತೆನೋ.
ನಂಬರು ಹಾಕಿದರೆ ಯಾರಾದರೂ ಕಾದಿರಿಸುತ್ತಾರೆ.
ಹಾಕಲಿಲ್ಲ.
ಚೌಕದೊಳಗೆ, ಸಣ್ಣ ಅಕ್ಷರದಲ್ಲಿ, ಬರೆದೆ:
ಪ್ರಿಂಟರ್.