ಒಳಪಾದ

ಗೌತಮಪುರದ ಬೇಕರಿ ಮುಂದೆ ಇವತ್ತೂ ಅದೇ ಪಂಚಾಯ್ತಿ:
ಪಾಸು ಕೊಡುವುದರಲ್ಲಿ ಯಾರು ಮೇಲು,
ಮಿಲ್ಲಿನ ಪುಷ್ಪನಾಥನೋ, ಈಗಿನ ಜೋಶುವಾನೋ?

ಗಾಬ್ರಿಯಲ್ ಮೇಷ್ಟ್ರ ಬೈಟು ಚಹಾ ತಣ್ಣಗಾಯಿತು.
ಬರಿಗಾಲು, ಕೆಸರು, ರಾತ್ರಿ ಪಾಳಿ ಮುಗಿಸಿ
ನಿದ್ದೆಗೆಟ್ಟು ಬಂದ ಮೈ, ಅನ್ನುತ್ತಾರೆ.
ಶೆರಿನ್ ಫೋನು ಚಾಚುತ್ತಾಳೆ:
ನೂರರಲ್ಲಿ ಎಂಬತ್ತೇಳು ಸರಿಯಾಗಿ ತಲುಪಿವೆ.
‘ನಿಮ್ಮವನದ್ದು ಎಣಿಸಿದವರು ಯಾರು ತಾತ?’

ಯಾರೂ ಎಣಿಸಲಿಲ್ಲ.

ಎದುರಿನ ಗೋಣಿತಾಟಿನ ಮೇಲೆ ಕೂತು ಹೊಲಿಯುವವನು ನಾನು.
ನನ್ನನ್ನು ಯಾರೂ ಕೇಳುವುದಿಲ್ಲ.
ಆ ಕಾಲದ ಚೆಂಡು ಮಳೆ ಕುಡಿದರೆ
ಎತ್ತಿಕೊಂಡ ಕೂಸಿನಷ್ಟು ಭಾರ;
ಬಾಯಿಗೆ ಬಿಗಿದ ಲಾಡಿ ಎಷ್ಟು ಹಣೆ ಸೀಳಿತೋ.
ಈಗಿನದು ಒರೆಸಿದರೆ ಒಣಗುತ್ತದೆ,
ಸೂಜಿ ಕೇಳುವುದಿಲ್ಲ, ಅಂಟು ಸಾಕು.
ತೂಗುವುದು ಹೇಗೆ?
ತಕ್ಕಡಿಯೇ ಬೇರೆ, ಕಲ್ಲೂ ಬೇರೆ.

ಆದರೆ ಹೋದ ಗುರುವಾರ
ಜೋಶುವಾನ ಬಲಗಾಲಿನ ಬೂಟು ಬಂತು.
ಒಳಗಡೆ, ಹೆಬ್ಬೆರಳ ಬುಡದಿಂದ ಎರಡು ಬೆರಳು ಹಿಂದೆ,
ನಾಲ್ಕಾಣೆಯಗಲ ಸವೆದು ಹೋಗಿತ್ತು.
ಕೈ ನಿಂತಿತು ನನ್ನದು.

ಆ ಜಾಗ ನನಗೆ ಗೊತ್ತು.
ಪುಷ್ಪನಾಥನಿಗೆ ಅಲ್ಲೇ ಆಣಿ.
ಮಿಲ್ಲು ಮುಚ್ಚಿದ ಮೇಲೊಂದು ಸಂಜೆ ಕುಂಟುತ್ತ ಬಂದು
‘ಪಟ್ಟಿ ಒತ್ತುತ್ತದಯ್ಯ, ಸ್ವಲ್ಪ ಕೊರೆದು ಕೊಡು’ ಅಂದಿದ್ದ.
ಹಾಕಿಕೊಂಡು ಎರಡು ಹೆಜ್ಜೆ ನಡೆದ,
ಬಿದ್ದಿದ್ದ ಎಳನೀರು ಬುರುಡೆಯನ್ನು
ನೋಡದೆಯೇ ಒಳಪಾದದಲ್ಲಿ ತಟ್ಟಿದ.
ಅದು ನೆಟ್ಟಗೆ ಹೋಗಿ ಮೋರಿ ಸೇರಿತು.

ಎಂಟಾಣೆ ಇನ್ನೂ ಬಾಕಿ.
ಶೆರಿನ್ ಕೇಳಿದರೆ
ಅದೊಂದು ಲೆಕ್ಕ ನನ್ನ ಹತ್ತಿರ ಇದೆ.